ಕಂಬಿ ಆ ದಡದಲ್ಲಿ, ಬಟ್ಟೆ ಈ ದಡದಲ್ಲಿ: ಚಿತ್ತೆ ಮಳೆಗೆ ಸಿಕ್ಕ ಒಂದು ಸೈಕಲ್ ಪ್ರವಾಸದ ಪ್ರಕರಣ

ಹೊರಡುವ ಹಿಂದಿನ ರಾತ್ರಿ ಜಯನಗರದ ನಮ್ಮ ಮನೆಯ ನಡುಮನೆಯಲ್ಲಿ ಏಳು ಜನರ ಸಾಮಾನನ್ನು ಹರವಿಕೊಂಡು, ಕೊಕ್ಕೆ ತಕ್ಕಡಿಗೆ ಒಂದೊಂದನ್ನೇ ನೇತುಹಾಕಿ ತೂಗಿದವನು ನಾನು. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಏಳು ಕಾಲಂ ಎಳೆದಿದ್ದೆ. ಮೂರು ಟೆಂಟ್‌ಗಳನ್ನು ಬಿಡಿಸಿ ಒಳಬಟ್ಟೆ ಒಬ್ಬರಿಗೆ, ಮಳೆಹೊದಿಕೆ ಇನ್ನೊಬ್ಬರಿಗೆ, ಕಂಬಿ ಮತ್ತು ಗೂಟ ಮತ್ತೊಬ್ಬರಿಗೆ ಎಂದು ಹಂಚಿದೆ. ಒಲೆ ಒಂದು ಚೀಲಕ್ಕೆ ಹೋಯಿತು, ಗ್ಯಾಸ್ ಡಬ್ಬಿ ಬೇರೊಂದಕ್ಕೆ. ಹನ್ನೊಂದು ಗಂಟೆಯ ಹೊತ್ತಿಗೆ ಏಳೂ ಕಾಲಂಗಳ ಕೆಳಗೆ ಒಂಬತ್ತು ಕಿಲೋ ಆಸುಪಾಸಿನ ಅಂಕಿ ಬಿದ್ದಿತ್ತು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಎಲ್ಲರೂ ಮೆಚ್ಚಿದರು. ಎರಡು ದಿನ ಕಳೆಯುವುದರೊಳಗೆ ನಮಗೆ ಒದಗಿದ ಅಪಾಯದ ಬೇರು ಆ ಪುಟದಲ್ಲೇ ಇತ್ತು.

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ದಾರಿಯ ಊರುಗಳು ಇದ್ದ ಹಾಗೆಯೇ ಇವೆ. ನಮಗೆ ಆಶ್ರಯ ಕೊಟ್ಟ ಹಳ್ಳಿಯ ಹೆಸರನ್ನು ಮಾತ್ರ ಬಿಟ್ಟಿದ್ದೇನೆ. ಸಾಮಾನು ಕಟ್ಟಿಕೊಂಡು ಗುಂಪಾಗಿ ದೂರ ಹೋಗುವವರಿಗೆ ಉಪಯೋಗವಾಗಲಿ ಎಂದು ತಂಡದ ಎಲ್ಲರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ತಂಡ ಮತ್ತು ದಾರಿ

ನಾವು ಐವರು ಗಂಡಸರು, ಇಬ್ಬರು ಹೆಂಗಸರು. ವಯಸ್ಸು 24ರಿಂದ 51. ಎರಡು ವರ್ಷಗಳಿಂದ ಭಾನುವಾರ ನಸುಕಿನಲ್ಲಿ ಬನಶಂಕರಿ ದೇವಸ್ಥಾನದ ಬಳಿ ಸೇರಿ ಮಂಚನಬೆಲೆ, ಸಾವನದುರ್ಗ, ಕನಕಪುರ ಎಂದು ಹೋಗಿ ಊಟದ ಹೊತ್ತಿಗೆ ಮನೆ ಸೇರುತ್ತಿದ್ದವರು. ನಂದಿ ಬೆಟ್ಟವನ್ನು ಎಲ್ಲರೂ ಹತ್ತಿದ್ದೆವು. ಇಬ್ಬರು ಬಲು ಗಟ್ಟಿಗರು, ಒಂದೇ ದಿನದಲ್ಲಿ 200 ಕಿಲೋಮೀಟರ್ ತುಳಿದು ಬಂದವರು. ಇವರನ್ನು ಮುಂದಾಳುಗಳು ಎಂದು ಕರೆಯುತ್ತೇನೆ. ಒಬ್ಬರು ಪ್ರೌಢಶಾಲೆಯ ಶಿಕ್ಷಕಿ, ಸಣ್ಣ ಮೈಕಟ್ಟಿನವರು, ಏರಿನಲ್ಲಿ ನಿಧಾನವಾದರೂ ಎಂದೂ ಇಳಿದು ತಳ್ಳಿದವರಲ್ಲ. ಎಲ್ಲರಿಗಿಂತ ಕಿರಿಯ ಮಂಡ್ಯ ಕಡೆಯ ತರುಣ. ತಂಡಕ್ಕೆ ಸೇರಿ ಮೂರು ತಿಂಗಳಾಗಿತ್ತು. ಉಳಿದವರು ಒಬ್ಬ ಬ್ಯಾಂಕ್ ಅಧಿಕಾರಿ, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಹೆಣ್ಣುಮಗಳು ಮತ್ತು ನಾನು. ಟೆಂಟ್ ಹೊತ್ತುಕೊಂಡು ರಾತ್ರಿ ಹೊರಗೆ ಕಳೆಯುವ ಪ್ರವಾಸ ಎಲ್ಲರಿಗೂ ಅದೇ ಮೊದಲು.

ದಸರಾ ರಜೆಗೆ ಐದು ದಿನದ ಯೋಜನೆ ಹಾಕಿದೆವು. ಕನಕಪುರ, ಸಾತನೂರು, ಮಳವಳ್ಳಿ, ಕೊಳ್ಳೇಗಾಲ, ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟ; ಬೆಂಗಳೂರಿನಿಂದ ಹೆಚ್ಚು ಕಡಿಮೆ 210 ಕಿಲೋಮೀಟರ್. ಮೊದಲು ಸಕಲೇಶಪುರದ ಕಡೆ ಹೋಗೋಣವೆಂದಿದ್ದೆವು. ಮಲೆನಾಡಿನಲ್ಲಿ ಮಳೆ ಜಾಸ್ತಿ, ಕೊಳ್ಳೇಗಾಲದ ಕಡೆ ಬಯಲುಸೀಮೆ, ಒಣ ಪ್ರದೇಶ ಎಂಬ ತರ್ಕದಿಂದ ದಿಕ್ಕು ಬದಲಿಸಿದ್ದು ನಾನೇ. ಈ ತರ್ಕ ಜುಲೈ ತಿಂಗಳಿಗೆ ಸರಿ. ಆಗ ನೈಋತ್ಯ ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದಲ್ಲಿ ಸುರಿದು ಖಾಲಿಯಾಗುತ್ತವೆ, ಹನೂರಿನ ಸೀಮೆ ಮಳೆನೆರಳಿನಲ್ಲಿ ಒಣಗಿರುತ್ತದೆ. ಆದರೆ ಚಾಮರಾಜನಗರ ಜಿಲ್ಲೆಗೆ ವರ್ಷದ ದೊಡ್ಡ ಮಳೆ ಬೀಳುವುದೇ ಅಕ್ಟೋಬರಿನಲ್ಲಿ, ಗಾಳಿ ಮೂಡಣಕ್ಕೆ ತಿರುಗಿ ಹಿಂಗಾರು ಕಾಲಿಡುವಾಗ. ನಾವು ಹೊರಟಾಗ ಚಿತ್ತೆ ಮಳೆ, ಅಂದರೆ ಚಿತ್ತಾ ನಕ್ಷತ್ರದ ಮಳೆ, ಹುಟ್ಟಿ ಮೂರು ದಿನವಾಗಿತ್ತು. ಆ ಕಡೆಯ ಯಾವ ರೈತನನ್ನು ಕೇಳಿದ್ದರೂ ಹೇಳುತ್ತಿದ್ದ. ನಾನು ಕೇಳಲಿಲ್ಲ, ವರ್ಷದ ಸರಾಸರಿ ಮಳೆಯ ನಕ್ಷೆ ನೋಡಿ ತೀರ್ಮಾನಿಸಿದೆ.

ಈ ಎರಡು ಮಳೆಗಳ ಸ್ವಭಾವವೂ ಬೇರೆ. ಮಲೆನಾಡಿನ ಜುಲೈ ಮಳೆ ದಿನವಿಡೀ ಜಿಟಿಜಿಟಿ ಹಿಡಿಯುತ್ತದೆ, ನೆನೆಯುತ್ತಲೇ ಸಾಗಬಹುದು. ಹಿಂಗಾರಿನ ಮಳೆಗೆ ಒಂದು ವೇಳಾಪಟ್ಟಿ ಇದೆ. ಬೆಳಗ್ಗೆ ನಿಚ್ಚಳ ಆಕಾಶ, ಹತ್ತರ ಮೇಲೆ ಸೆಕೆ, ಮಧ್ಯಾಹ್ನ ಮೂಡಣದಲ್ಲಿ ಹತ್ತಿಯ ಗುಡ್ಡೆಯಂತೆ ಏಳುವ ಮೋಡ, ಮೂರು ನಾಲ್ಕು ಗಂಟೆಗೆ ಗಾಳಿ, ಸಿಡಿಲು, ಒಂದೆರಡು ಗಂಟೆಯ ಜಡಿಮಳೆ. ಇಂತಹ ದಿನಗಳಲ್ಲಿ ಸೈಕಲ್ ಸವಾರನಿಗೆ ಇರುವ ಹೊತ್ತೆಂದರೆ ಬೆಳಗಿನದು ಮಾತ್ರ.

ಹವಾಮಾನ ಇಲಾಖೆ ಆ ಜಿಲ್ಲೆಗೆ ಹಳದಿ ಎಚ್ಚರಿಕೆ ಕೊಟ್ಟಿತ್ತು. ಕೆಂಪು ಎಂದರೆ ಅಪಾಯ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಹಳದಿ ಎಂದರೆ ಚಿಂತೆಯಿಲ್ಲ ಎಂದು ನಾವು ಓದಿಕೊಂಡೆವು. ಹಳದಿಯ ನಿಜವಾದ ಅರ್ಥ ‘ಗಮನಿಸುತ್ತಿರಿ’. ಅಂದರೆ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮತ್ತೆ ನೋಡಬೇಕು. ಮೂರು ಗಂಟೆಗಳ ಅವಧಿಗೆ ಜಿಲ್ಲಾವಾರು ಮುನ್ಸೂಚನೆ ಬರುತ್ತದೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಯಾರು ಬೇಕಾದರೂ ಕರೆ ಮಾಡಿ ಕೇಳಬಹುದು. ಹೊರಟ ಮೇಲೆ ನಮ್ಮಲ್ಲಿ ಯಾರೂ ಒಮ್ಮೆಯೂ ಕೇಳಲಿಲ್ಲ.

ಮೊದಲ ರಾತ್ರಿ ಕಲಿಸಿದ ತಪ್ಪು ಪಾಠ

ಮೊದಲ ದಿನ ಚೆನ್ನಾಗಿ ಕಳೆಯಿತು. ಐದು ಗಂಟೆಗೆ ಬನಶಂಕರಿ ಬಿಟ್ಟು, ಕನಕಪುರದಲ್ಲಿ ಇಡ್ಲಿ ತಿಂದು, ಸಾತನೂರಿನ ಏರಿಳಿತಗಳನ್ನು ದಾಟಿ, ಸುಮಾರು 120 ಕಿಲೋಮೀಟರ್ ತುಳಿದು ಶಿವನಸಮುದ್ರದ ಬಳಿ ಪರಿಚಿತರೊಬ್ಬರ ಹೊಲದಲ್ಲಿ ಟೆಂಟ್ ಹಾಕಿದೆವು. ಸಂಜೆ ಅರ್ಧ ಗಂಟೆ ಸಾಧಾರಣ ಮಳೆ ಬಂತು. ಟೆಂಟ್‌ಗಳು ಸೋರಲಿಲ್ಲ. ಒಳಗೆ ಕೂತು ಬಿಸಿ ಅನ್ನ ಸಾರು ಉಂಡಾಗ ಆದ ಸಂತೋಷ ಇನ್ನೂ ನೆನಪಿದೆ. ಮಳೆಯನ್ನು ಗೆದ್ದೆವೆಂಬ ಭಾವನೆ ಎಲ್ಲರ ಮುಖದಲ್ಲಿತ್ತು, ನನ್ನ ಮುಖದಲ್ಲೂ. ಆದರೆ ಆ ಸಂಜೆ ಟೆಂಟ್‌ನ ಎಲ್ಲ ಭಾಗಗಳೂ ಒಂದೇ ಜಾಗದಲ್ಲಿದ್ದವು, ಏಳು ಜನರೂ ಒಟ್ಟಿಗಿದ್ದೆವು, ಗಾಳಿ ಇರಲಿಲ್ಲ. ಪರೀಕ್ಷೆಗೆ ಒಳಗಾಗಿದ್ದು ಬಟ್ಟೆಯ ಗುಣಮಟ್ಟ ಮಾತ್ರ. ನಮ್ಮ ಏರ್ಪಾಡನ್ನೇ ಪರೀಕ್ಷಿಸಿದೆವೆಂದು ಭಾವಿಸಿದೆವು.

ಬೆಳಗ್ಗೆ ಎದ್ದಾಗ ಮೂರೂ ಟೆಂಟ್‌ಗಳು ಹೊರಗೆ ಮಳೆಯಿಂದ, ಒಳಗೆ ನಮ್ಮದೇ ಉಸಿರಿನ ತೇವದಿಂದ ಒದ್ದೆಯಾಗಿದ್ದವು. ಒದ್ದೆ ಬಟ್ಟೆ ಮಡಿಸಿದರೆ ಕೊಳೆಯುತ್ತದೆ, ತೂಕವೂ ಹೆಚ್ಚುತ್ತದೆ ಎಂದು ಒಣಗಿಸಲು ಕೂತೆವು. ಆರೂವರೆಗೆ ಹೊರಡಬೇಕಾದವರು ಹೊರಟಾಗ ಒಂಬತ್ತೂ ನಲವತ್ತು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಮೊದಲ ತಿರುವು ಇದು. ಆ ದಿನದ ಅತ್ಯಂತ ಸುರಕ್ಷಿತವಾದ ಮೂರು ಗಂಟೆಗಳನ್ನು ಬಟ್ಟೆ ಒಣಗಿಸಲು ಕೊಟ್ಟೆವು. ಒದ್ದೆಯಾಗಿಯೇ ಸುತ್ತಿ ಕ್ಯಾರಿಯರ್ ಮೇಲೆ ಕಟ್ಟಿಕೊಂಡು, ಊಟಕ್ಕೆ ನಿಂತಲ್ಲಿ ಮಧ್ಯಾಹ್ನದ ಬಿಸಿಲಿಗೆ ಹರಡಿದ್ದರೆ ಇಪ್ಪತ್ತು ನಿಮಿಷದಲ್ಲಿ ಒಣಗುತ್ತಿತ್ತು.

ಹನೂರಿನ ಟೀ ಅಂಗಡಿ

ಕೊಳ್ಳೇಗಾಲದಲ್ಲಿ ಊಟ ಮಾಡಿ, ಬ್ಯಾಂಕ್ ಅಧಿಕಾರಿಯ ಕ್ಯಾರಿಯರ್‌ನ ಬೋಲ್ಟ್ ಹುಡುಕಿ ಹಾಕಿಸಿ, ಕಾಮಗೆರೆ ದಾಟಿ ಹನೂರು ಮುಟ್ಟಿದಾಗ ಎರಡು ಗಂಟೆ. ಅಲ್ಲಿಂದ ಕೌದಳ್ಳಿ ಕಡೆಗೆ ಸಾಗಿ, ಮುಖ್ಯ ರಸ್ತೆ ಬಿಟ್ಟು ಒಳಗೆ ಹೋದರೆ ಪರಿಚಿತರ ತೋಟ. ಅದರಾಚೆ ವನ್ಯಧಾಮ, ಕಾಡಿನಲ್ಲಿ ಟೆಂಟ್ ಹಾಕುವಂತಿಲ್ಲ, ಹಾಕಲೂಬಾರದು. ಹಾಗಾಗಿ ಆ ತೋಟವನ್ನೇ ಮುಂಚೆಯೇ ಗೊತ್ತುಮಾಡಿಕೊಂಡಿದ್ದೆವು.

ಟೀ ಅಂಗಡಿಯ ಮುಂದೆ ಏಳೂ ಸೈಕಲ್ ಒರಗಿಸಿದೆವು. ಮೂಡಣದಲ್ಲಿ ಮೋಡದ ತಳ ಸೀಸದ ಬಣ್ಣಕ್ಕೆ ತಿರುಗಿತ್ತು, ಮೇಲ್ತುದಿ ಮಾತ್ರ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಟೀ ಸೋಸುತ್ತಿದ್ದ ಹಿರಿಯರು ತಲೆಯೆತ್ತಿ ನೋಡಿ, “ಮೂಡಲಿಂದ ಎದ್ದಿದೆ, ಹೊಡೆಯದೆ ಬಿಡುವುದಿಲ್ಲ. ಇಲ್ಲೇ ಉಳಿದುಕೊಳ್ಳಿ” ಎಂದರು. ಹನೂರಿನಲ್ಲಿ ವಸತಿಗೃಹಗಳಿವೆ. ‘ಹನೂರಿನಲ್ಲಿ ಮಳೆ ಬಂದರೆ ಅಲ್ಲೇ ನಿಲ್ಲುವುದು’ ಎಂದು ನಮ್ಮ ಯೋಜನೆಯಲ್ಲೂ ಬರೆದಿತ್ತು. ಆದರೆ ಮಳೆ ಇನ್ನೂ ಬಂದಿರಲಿಲ್ಲ. ಬರೆದುಕೊಂಡಿದ್ದ ನಿಯಮ ಮಳೆಯ ಬಗ್ಗೆ ಇತ್ತು, ಗಡಿಯಾರದ ಬಗ್ಗೆ ಇರಲಿಲ್ಲ. ಮೋಡದ ಬಗ್ಗೆಯೂ ಇರಲಿಲ್ಲ.

ಆ ಹತ್ತು ನಿಮಿಷಗಳನ್ನು ಮತ್ತೆ ಮತ್ತೆ ನೆನಪಿಸಿಕೊಂಡಿದ್ದೇನೆ. ಮುಂದುವರಿಯೋಣ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮುಂದಾಳುಗಳು ಟೀ ಮುಗಿಸಿ ಹೆಲ್ಮೆಟ್ ಹಾಕಿಕೊಂಡರು. ಅದನ್ನು ನೋಡಿ ಬ್ಯಾಂಕ್ ಅಧಿಕಾರಿ ಹಾಕಿಕೊಂಡರು. ಶಿಕ್ಷಕಿ ನನ್ನ ಕಡೆ ನೋಡಿದರು, ನಾನು ಮುಂದಾಳುಗಳ ಕಡೆ ನೋಡಿದೆ. ತರುಣ ಲೋಟ ಇಟ್ಟು ಎದ್ದ. ಹೀಗೆ ಒಂದು ತೀರ್ಮಾನ ಆಗಿಹೋಯಿತು. ಅದು ಯಾರ ತೀರ್ಮಾನವೂ ಆಗಿರಲಿಲ್ಲವೆಂದು ಗೊತ್ತಾಗಿದ್ದು ಮರುದಿನ.

ಹಳ್ಳ ಬಂದ ಮೇಲೆ

ಮೂರೂಕಾಲಿಗೆ ಮೊದಲು ದೂಳು ಎದ್ದಿತು, ಹಿಂದೆಯೇ ಮಣ್ಣಿನ ವಾಸನೆ, ಆಮೇಲೆ ಕಲ್ಲೆಸೆದಂಥ ಹನಿ. ಎದುರುಗಾಳಿಗೆ ಗುಂಪು ತಾನಾಗಿ ಎರಡಾಯಿತು. ಮುಂದಾಳುಗಳು ಮತ್ತು ಬ್ಯಾಂಕ್ ಅಧಿಕಾರಿ ಮುಂದೆ ಹೋದರು. ತೋಟ ಬೇಗ ಸೇರಿದರೆ ಟೆಂಟ್ ಎಬ್ಬಿಸಿ ನಮಗಾಗಿ ಕಾಯಬಹುದೆಂಬುದು ಅವರ ಲೆಕ್ಕ, ಒಳ್ಳೆಯ ಉದ್ದೇಶವೇ. ನಾವು ನಾಲ್ವರು ಹಿಂದುಳಿದೆವು. ಸಿಡಿಲು ಹತ್ತಿರವಾಗುತ್ತಿತ್ತು. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ಎಣಿಸಬಹುದು. ಅಂತರ ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಗಟ್ಟಿ ಕಟ್ಟಡದೊಳಗೆ ಇರಬೇಕು. ನಾವು ಎಣಿಸಿದಾಗ ಹನ್ನೆರಡು ಬರುತ್ತಿತ್ತು, ಸುತ್ತ ಜೋಳದ ಹೊಲ ಮತ್ತು ಒಂಟಿ ಹುಣಸೆ ಮರಗಳು. ಮರದಡಿ ನಿಲ್ಲುವ ಆಸೆಯನ್ನು ತಡೆದುಕೊಂಡು ಸಾಗಿದೆವು.

ಒಳರಸ್ತೆಗೆ ತಿರುಗಿದ ಸ್ವಲ್ಪ ಹೊತ್ತಿಗೆ ನನ್ನ ಹಿಂದಿನ ಚಕ್ರಕ್ಕೆ ಜಾಲಿಮುಳ್ಳು ಹೊಕ್ಕಿತು. ಮಳೆಯಲ್ಲಿ ತೇಪೆ ಅಂಟುವುದಿಲ್ಲ. ಬೇರೆ ಟ್ಯೂಬ್ ಹಾಕಬೇಕು. ಬೆರಳು ಮರಗಟ್ಟಿದಾಗ ಟೈರನ್ನು ರಿಮ್‌ಗೆ ಕೂರಿಸುವುದು ಮನೆಯಲ್ಲಿ ಮಾಡಿದಷ್ಟು ಸುಲಭವಲ್ಲ. ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಉಳಿದ ಮೂವರು ಮಳೆಯಲ್ಲಿ ನಿಂತೇ ಇದ್ದರು. ತುಳಿಯುವಾಗ ಮೈ ಕಾಯುತ್ತದೆ, ನಿಂತ ಕೂಡಲೇ ತಣ್ಣಗಾಗುತ್ತದೆ. ನಮ್ಮ ಮಳೆಯಂಗಿಗಳು ಹೊರಗಿನ ನೀರನ್ನು ತಡೆದಿದ್ದವು, ಒಳಗಿನ ಬೆವರನ್ನು ಬಿಟ್ಟಿರಲಿಲ್ಲ. ಒಳಗಿದ್ದ ಹತ್ತಿ ಬನಿಯನ್‌ಗಳು ಹಿಂಡುವಂತಾಗಿದ್ದವು.

ಐದೂಕಾಲಿಗೆ ಹಳ್ಳದ ಬಳಿ ಬಂದೆವು. ರಸ್ತೆ ಅಲ್ಲಿ ತಗ್ಗಿಗಿಳಿದು, ಕಾಂಕ್ರೀಟ್ ಹಾಸಿನ ಮೇಲೆ ಹಳ್ಳ ದಾಟಿ, ಆಚೆ ಏರುತ್ತದೆ. ಇಕ್ಕೆಲದ ಗುರುತುಕಲ್ಲುಗಳ ತಲೆ ಮಾತ್ರ ಕಾಣುತ್ತಿತ್ತು. ಕೆಮ್ಮಣ್ಣಿನ ನೀರು, ಅದರಲ್ಲಿ ಉರುಳುತ್ತ ಹೋಗುತ್ತಿದ್ದ ಹಿಪ್ಪುನೇರಳೆ ಕೊಂಬೆ. ಮುಂದಿನ ಮೂವರು ಒಂದು ಗಂಟೆಗೂ ಮೊದಲು ದಾಟಿಹೋಗಿದ್ದರು. ಆಗ ಹಾಸಿನ ಮೇಲೆ ನೀರೇ ಇರಲಿಲ್ಲವಂತೆ.

ನೀರು ಮೊಣಕಾಲಿಗಿಂತ ಕೆಳಗೇ ಇದೆ, ಸೈಕಲ್ ಹೆಗಲಿಗೇರಿಸಿ ಕೈಕೈ ಹಿಡಿದು ದಾಟಬಹುದು ಎಂದು ಎಂಜಿನಿಯರ್ ಹೇಳಿದರು. ನನಗೂ ಹಾಗೆ ಅನ್ನಿಸಿತು. ಆಚೆ ಕಂಬಿ ಇದೆ, ಗ್ಯಾಸ್ ಇದೆ, ನಮ್ಮವರು ಕಾಯುತ್ತಿದ್ದಾರೆ. ಆಗ ತರುಣ ಮಾತಾಡದೆ ಒಂದು ಬಿಳಿಕಲ್ಲು ಹೆಕ್ಕಿ ನೀರಿನ ಅಂಚಿಗೆ ಸರಿಯಾಗಿ ಇಟ್ಟ. “ಹತ್ತು ನಿಮಿಷ ನೋಡೋಣ” ಎಂದ. ಆರನೆಯ ನಿಮಿಷಕ್ಕೆ ಕಲ್ಲು ಮುಳುಗಿತು, ಹತ್ತನೆಯ ನಿಮಿಷಕ್ಕೆ ಅದು ಎಲ್ಲಿತ್ತೆಂಬುದೇ ಗೊತ್ತಾಗಲಿಲ್ಲ. “ಹಳ್ಳ ಏರುತ್ತಿದೆ. ನಮ್ಮೂರಲ್ಲಾದರೆ ಯಾರೂ ಇಳಿಯುವುದಿಲ್ಲ” ಎಂದ. ರಭಸದ ನೀರು ಗೇಣು ಎತ್ತರವಿದ್ದರೂ ದೊಡ್ಡವರನ್ನು ಬೀಳಿಸಬಲ್ಲದು ಎಂದು ನಾನು ಓದಿದ್ದೆ. ಓದಿದ್ದು ಅಲ್ಲಿ ನೆನಪಿಗೆ ಬರಲಿಲ್ಲ. ಆ ಕಲ್ಲು ನಮ್ಮನ್ನು ಹಿಂದಕ್ಕೆ ತಿರುಗಿಸಿತು.

ಆಗ ನಾಲ್ಕು ಸೈಕಲ್‌ಗಳ ಚೀಲ ಬಿಚ್ಚಿ ನೋಡಿದೆವು. ಮೂರು ಟೆಂಟ್‌ಗಳ ಮೂರು ಒಳಬಟ್ಟೆ. ಒಂದು ಮಳೆಹೊದಿಕೆ. ಒಲೆ, ಪಾತ್ರೆ, ಎರಡು ಕಿಲೋ ಅಕ್ಕಿ. ಒಂದೂ ಕಂಬಿಯಿಲ್ಲ, ಒಂದೂ ಗೂಟವಿಲ್ಲ, ಗ್ಯಾಸ್ ಇಲ್ಲ. ಆ ದಡದವರ ಬಳಿ ಎಲ್ಲ ಕಂಬಿ, ಎಲ್ಲ ಗೂಟ, ಎರಡು ಹೊದಿಕೆ, ಗ್ಯಾಸ್ ಡಬ್ಬಿಗಳು. ಕೆಸರಿನ ಮೇಲೆ ಹಾಸಲು ಏನೂ ಇಲ್ಲ, ಬೇಯಿಸಲು ಅಕ್ಕಿಯಿಲ್ಲ. ಗ್ರಾಂ ಲೆಕ್ಕದಲ್ಲಿ ನ್ಯಾಯವಾಗಿ ಹಂಚಿದ್ದ ಮೂರು ಮನೆಗಳು ಎರಡು ದಡಗಳಲ್ಲಿ ಯಾವುದರಲ್ಲೂ ಒಂದು ಮನೆಯಾಗಲಿಲ್ಲ.

ಹುಳುಮನೆ

ಶಿಕ್ಷಕಿ ಚೀಲ ಬಿಚ್ಚುವಾಗ ಸಹಾಯಕ್ಕೆ ಬರಲಿಲ್ಲ. ಅದು ಅವರ ಸ್ವಭಾವವಲ್ಲ. ಹತ್ತಿರ ಹೋಗಿ ನೋಡಿದರೆ ಹೆಲ್ಮೆಟ್‌ನ ಕೊಕ್ಕೆ ಬಿಚ್ಚಲು ಒದ್ದಾಡುತ್ತಿದ್ದರು. ಚಳಿಯಾಗುತ್ತಿದೆಯೇ ಎಂದರೆ “ಇಲ್ಲ” ಎಂದರು, ಆ ಒಂದು ಪದವೂ ತೊದಲಿತ್ತು. ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ಎಂದೆ. ಎರಡು ಸಲ ಯತ್ನಿಸಿದರು, ಮುಟ್ಟಲಿಲ್ಲ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಹಿಮದ ಬೆಟ್ಟದಲ್ಲಷ್ಟೇ ಆಗುವಂಥದ್ದು ಎಂದುಕೊಂಡಿದ್ದೆವು. ಮೈ ಒದ್ದೆಯಾಗಿ, ಗಾಳಿ ಬೀಸಿ, ಹೊಟ್ಟೆ ಖಾಲಿಯಿದ್ದರೆ ಇಪ್ಪತ್ತು ಡಿಗ್ರಿಯ ಸಂಜೆಯೂ ಸಾಕು. ನಡುಗುತ್ತಿರುವವರೆಗೆ ದೇಹ ಹೋರಾಡುತ್ತಿದೆ ಎಂದರ್ಥ. ನಡುಕ ನಿಂತು ಮಂಕು ಕವಿದರೆ ಅದು ಗಂಡಾಂತರ. ಅವರು ಇನ್ನೂ ನಡುಗುತ್ತಿದ್ದರು. ಅಲ್ಲಿಂದ ಮುಂದೆ ನಮಗೆ ಬೇರೆ ಯಾವ ವಿಷಯವೂ ಮುಖ್ಯವಾಗಿರಲಿಲ್ಲ.

ಒಂದೂವರೆ ಕಿಲೋಮೀಟರ್ ಹಿಂದೆ ಹೆಂಚಿನ ಮನೆಗಳನ್ನು ಕಂಡಿದ್ದೆವು. ಅವರನ್ನು ಕೂರಿಸಿ ಕಾಯುವ ಬದಲು ನಡೆಸಿಕೊಂಡೇ ಹೋದೆವು, ಬಾಯಿಗೆ ಎರಡು ಚೂರು ಬೆಲ್ಲ ಹಾಕಿ. ಮೊದಲ ಮನೆಯವರೇ ಬಾಗಿಲು ತೆಗೆದರು. ಮನೆ ಚಿಕ್ಕದು, ಮಗ್ಗುಲಲ್ಲಿ ರೇಷ್ಮೆ ಸಾಕುವ ಹುಳುಮನೆ. ಹುಳು ಇರುವಾಗ ಹೊರಗಿನವರನ್ನು ಯಾವ ರೈತನೂ ಒಳಗೆ ಬಿಡುವುದಿಲ್ಲ. ಕಾಲಿನ ಜೊತೆ ರೋಗ ಬರುತ್ತದೆ. ನಮ್ಮ ಪುಣ್ಯಕ್ಕೆ ಗೂಡು ಬಿಡಿಸಿ, ಮಾರಿ ನಾಲ್ಕು ದಿನವಾಗಿತ್ತು, ಒಳಗಿನ್ನೂ ತೊಳೆದಿರಲಿಲ್ಲ. ಗೋಡೆಗೆ ಒರಗಿಸಿದ್ದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಸುರುಳಿಗಳಲ್ಲಿ ರೇಷ್ಮೆಯ ಎಳೆಗಳು ಅಲ್ಲಲ್ಲಿ ಉಳಿದು ಟಾರ್ಚಿನ ಬೆಳಕಿಗೆ ಮಿನುಗುತ್ತಿದ್ದವು. ಒಣಗಿದ ಸೊಪ್ಪಿನ ವಾಸನೆ. ಗಾಳಿ ತಡೆದ, ಒಣಗಿದ, ಬೆಚ್ಚಗಿನ ಜಾಗ. ಹುಳುವಿಗೆ ಬೇಕಾದ ಇಪ್ಪತ್ತೈದು ಡಿಗ್ರಿಗಾಗಿ ಕಟ್ಟಿದ್ದ ಕೋಣೆ ಮನುಷ್ಯರಿಗೂ ಒದಗಿತು.

ಶಿಕ್ಷಕಿಯ ಚೀಲ ಜಲನಿರೋಧಕ ಎಂದು ಕೊಂಡಿದ್ದು, ಬಾಯಿ ಸರಿಯಾಗಿ ಮಡಿಸದೆ ಒಳಗೆಲ್ಲ ನೀರು. ನನ್ನ ಬಟ್ಟೆಯೂ ಅರ್ಧ ಒದ್ದೆ. ತರುಣ ತನ್ನ ಬಟ್ಟೆಯನ್ನು ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಬಾಯಿ ತಿರುಚಿ, ರಬ್ಬರ್ ಹಾಕಿ ತಂದಿದ್ದ. ಅದೊಂದೇ ಪೂರ್ತಿ ಒಣಗಿತ್ತು. ಎಂಜಿನಿಯರ್ ಮತ್ತು ಮನೆಯ ಹಿರಿಯ ಹೆಂಗಸು ಸೇರಿ ಶಿಕ್ಷಕಿಯ ಒದ್ದೆ ಬಟ್ಟೆ ತೆಗೆದು ತರುಣನ ಒಣ ಬಟ್ಟೆ ತೊಡಿಸಿದರು. ಆಮೇಲೆ ಆ ಅಜ್ಜಿ ಮಾಡಿದ್ದನ್ನು ಗಮನಿಸಬೇಕು: ಮೊದಲು ನೆಲಕ್ಕೆ ನಾಲ್ಕು ಗೋಣಿಚೀಲ ಒಂದರ ಮೇಲೊಂದು ಹಾಸಿದರು, ಆಮೇಲೆ ಮೇಲಿಂದ ಕಂಬಳಿ ಹೊದಿಸಿದರು. ನಾವಾಗಿದ್ದರೆ ಮೊದಲು ಹೊದಿಸಲು ಹುಡುಕುತ್ತಿದ್ದೆವು. ತಣ್ಣನೆಯ ನೆಲ ಹೀರುವಷ್ಟು ಶಾಖವನ್ನು ಮೇಲಿನ ಗಾಳಿ ಹೀರುವುದಿಲ್ಲ. ನಮ್ಮ ಮೂರು ಟೆಂಟ್‌ಗಳ ಒಳಬಟ್ಟೆಯನ್ನು ಕಂಬಳಿಯ ಮೇಲೆ ಹೊದಿಸಿದೆವು. ಆ ರಾತ್ರಿ ಅವುಗಳಿಂದಾದ ಉಪಯೋಗ ಅದೊಂದೇ. ಕೈಕಾಲು ಉಜ್ಜಲು ಹೋದ ನನ್ನನ್ನು ಎಂಜಿನಿಯರ್ ತಡೆದರು, ತಡೆದದ್ದು ಸರಿ. ಉಜ್ಜಬಾರದು, ಎದೆ ಮತ್ತು ಕಂಕುಳಿಗೆ ಬಿಸಿ ತಾಗಬೇಕು. ಸರಾಗವಾಗಿ ನುಂಗುತ್ತಾರೆಂದು ಖಚಿತವಾದ ಮೇಲೆ ಬೆಲ್ಲದ ಕಾಫಿ ಕೊಟ್ಟೆವು. ಮುಕ್ಕಾಲು ಗಂಟೆಯ ಬಳಿಕ ಅವರು ಕೇಳಿದ ಮೊದಲ ಪ್ರಶ್ನೆ: “ಆ ಮೂವರಿಗೆ ಅನ್ನ ಸಿಕ್ಕಿತೇ?”

ಸಿಕ್ಕಿರಲಿಲ್ಲ. ಅವರು ತೋಟದ ಪಂಪ್‌ಸೆಟ್ ಮನೆಯಲ್ಲಿ ಬಿಸ್ಕತ್ತು ತಿಂದು ಕೂತಿದ್ದರು. ಎಂಟು ಗಂಟೆಗೆ ಒಬ್ಬ ಮುಂದಾಳು ಟಾರ್ಚ್ ಹಿಡಿದು ಹಳ್ಳದವರೆಗೆ ಬಂದು, ಕೂಗಿ, ಉತ್ತರ ಸಿಗದೆ, ನಾವು ನೀರಿಗೆ ಇಳಿದುಬಿಟ್ಟೆವೋ ಏನೋ ಎಂಬ ಭಯದಲ್ಲಿ ಹಿಂದಿರುಗಿದ್ದರು. ಕತ್ತಲಲ್ಲಿ ಅವರೇ ಇಳಿದಿದ್ದರೆ ಈ ಪ್ರಕರಣ ಬೇರೆಯೇ ಆಗುತ್ತಿತ್ತು. ಇಂಟರ್ನೆಟ್ ಇಲ್ಲದ ಜಾಗದಿಂದ ನಾನು ಕಳಿಸಿದ್ದ ಸಾದಾ ಎಸ್‌ಎಂಎಸ್ ಒಂಬತ್ತೂ ನಲವತ್ತಕ್ಕೆ ಅವರನ್ನು ತಲುಪಿತು. ಅದಕ್ಕೂ ಮೊದಲು ನಾನು ವ್ಯರ್ಥವಾಗಿ ಕರೆ ಮಾಡುತ್ತ, ವಾಟ್ಸ್‌ಆ್ಯಪ್‌ನಲ್ಲಿ ಬರೆಯುತ್ತ ಎರಡು ಗಂಟೆ ಕಳೆದಿದ್ದೆ.

ಬೆಳಗಿನ ಮಾತು

ಆರು ಗಂಟೆಗೆ ಹಳ್ಳ ಕಣಕಾಲಿಗೆ ಇಳಿದಿತ್ತು. ಗುಡುಗುಮಳೆಯ ಹಳ್ಳಗಳು ಏರಿದಷ್ಟೇ ಬೇಗ ಇಳಿಯುತ್ತವೆ. ಮೂವರೂ ದಾಟಿ ಬಂದರು. ಆಕಾಶ ತೊಳೆದಿಟ್ಟ ಹಾಗಿತ್ತು, ದೂರದಲ್ಲಿ ಬೆಟ್ಟದ ಸಾಲು ನಿಚ್ಚಳವಾಗಿ ಕಾಣುತ್ತಿತ್ತು. ಮಾದಪ್ಪನ ದರ್ಶನಕ್ಕೆ ಇಷ್ಟು ಹತ್ತಿರ ಬಂದು ಹಿಂದಿರುಗುವುದೇ ಎಂಬ ಮಾತು ಬಂತು.

ಈ ಸಲ ಕಿರಿಯರಿಂದ ಶುರುಮಾಡಿ ಒಬ್ಬೊಬ್ಬರಾಗಿ ಹೇಳಬೇಕು, ನಡುವೆ ಯಾರೂ ಬಾಯಿಹಾಕಬಾರದು ಎಂದು ಎಂಜಿನಿಯರ್ ಸೂಚಿಸಿದರು. ತರುಣ ಹೇಳಿದ: “ಹನೂರಿನಲ್ಲೇ ನಿಲ್ಲಬೇಕು ಅನ್ನಿಸಿತ್ತು. ಹೊಸಬ ಎಂದು ಸುಮ್ಮನಿದ್ದೆ.” ಎಂಜಿನಿಯರ್‌ಗೂ ಹಾಗೇ ಅನ್ನಿಸಿತ್ತಂತೆ. ಶಿಕ್ಷಕಿ, ತಾನು ನಿಲ್ಲೋಣ ಎಂದರೆ ನಿಧಾನ ಇರುವುದರಿಂದ ಹೇಳುತ್ತಿದ್ದಾಳೆ ಅಂದುಕೊಂಡಾರು ಎಂದು ನುಂಗಿಕೊಂಡಿದ್ದರು. ನಾನೂ ಒಪ್ಪಿಕೊಂಡೆ. ಎಲ್ಲರನ್ನೂ ಬೆರಗುಗೊಳಿಸಿದ್ದು ಒಬ್ಬ ಮುಂದಾಳುವಿನ ಮಾತು: ಅವರಿಗೂ ಮೋಡ ನೋಡಿ ಅಳುಕು ಹುಟ್ಟಿತ್ತು, ಆದರೆ ಉಳಿದವರು ತನ್ನ ಧೈರ್ಯದ ಮೇಲೆ ನಿಂತಿದ್ದಾರೆ ಎಂದು ಹೆಲ್ಮೆಟ್ ಹಾಕಿಕೊಂಡಿದ್ದರು. ಏಳರಲ್ಲಿ ಐವರು ನಿಲ್ಲಬೇಕೆಂದು ಬಯಸಿದ ಜಾಗದಿಂದ ಏಳು ಜನರೂ ಹೊರಟಿದ್ದೆವು.

ಹಿಂದಿರುಗಲು ನಿರ್ಧರಿಸಿದೆವು. ಹನ್ನೊಂದರೊಳಗೆ ಎಲ್ಲರೂ ಒಟ್ಟಾಗಿ ಕೊಳ್ಳೇಗಾಲ ಸೇರಿ, ಅಲ್ಲಿಂದ ಸರಕು ವಾಹನವೊಂದರಲ್ಲಿ ಸೈಕಲ್ ಹೇರಿಕೊಂಡು ಬೆಂಗಳೂರಿಗೆ ಬಂದೆವು. ಆ ಸಂಜೆ ಹನೂರಿನಲ್ಲಿ ಹನಿಯೂ ಬೀಳಲಿಲ್ಲವೆಂದು ಆಮೇಲೆ ತಿಳಿಯಿತು. ಬ್ಯಾಂಕ್ ಅಧಿಕಾರಿ ಇದನ್ನು ಈಗಲೂ ನೆನಪಿಸುತ್ತಾರೆ. ಆದರೂ ಆ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ಬೆಳಗ್ಗೆ ಆರೂವರೆಗೆ ನಮಗೆ ಗೊತ್ತಿದ್ದದ್ದು ಒದ್ದೆ ಬಟ್ಟೆ, ರಾತ್ರಿ ನಿದ್ದೆಗೆಟ್ಟ ಏಳು ಜನ ಮತ್ತು ಹನ್ನೆರಡು ಗಂಟೆ ಹಿಂದೆ ಬೆರಳು ಮಡಿಸಲಾಗದಿದ್ದ ಒಬ್ಬ ಸಹಸವಾರೆ. ಅಷ್ಟರ ಮೇಲೆಯೇ ನಿರ್ಧರಿಸಬೇಕಿತ್ತು.

ಲೆಕ್ಕದ ಪುಸ್ತಕದ ಹೊಸ ಪುಟ

ಊರಿಗೆ ಬಂದ ಮೇಲೆ ಮೊದಲು ಬದಲಿಸಿದ್ದು ಹಂಚಿಕೆಯನ್ನು. ಈಗ ಏಳು ಕಾಲಂ ಇಲ್ಲ, ಮೂರು ಇವೆ: ಇಬ್ಬರು, ಇಬ್ಬರು, ಮೂವರು. ಪ್ರತಿ ಕಾಲಂನಲ್ಲೂ ಒಂದು ಪೂರ್ತಿ ಟೆಂಟ್, ಒಲೆ, ಅದರ ಗ್ಯಾಸ್, ಬೆಂಕಿಪೆಟ್ಟಿಗೆ, ಒಂದು ಹೊತ್ತಿನ ಅಕ್ಕಿಬೇಳೆ, ಪಂಪ್ ಮತ್ತು ಟ್ಯೂಬ್. ಸಾಲಿನಲ್ಲಿ ಏನೇ ಆದರೂ ಆ ಜೋಡಿ ಒಬ್ಬರನ್ನೊಬ್ಬರು ಕಣ್ಣಿನಿಂದ ಬಿಡುವಂತಿಲ್ಲ. ಇದಕ್ಕೆ ಬೆಲೆ ತೆರಬೇಕಾಯಿತು. ಎರಡು ಒಲೆ ಹೊಸದಾಗಿ ಕೊಂಡೆವು, ತಂಡದ ಒಟ್ಟು ತೂಕ ಹೆಚ್ಚಿತು, ಒಬ್ಬರಿಗೆ ಏಳು ಕಿಲೋ ಬಂದರೆ ಇನ್ನೊಬ್ಬರಿಗೆ ಹನ್ನೊಂದು. ಇದು ಅನ್ಯಾಯ ಎಂದು ಮೊದಲು ಆಕ್ಷೇಪಿಸಿದವರು ಶಿಕ್ಷಕಿಯೇ. ತಮಗೆ ಕಡಿಮೆ ಬಂದದ್ದು ಅವರಿಗೆ ಹಿಡಿಸಲಿಲ್ಲ. ವಾದ ಎರಡು ಭಾನುವಾರ ನಡೆಯಿತು. ಸಮಾನ ತೂಕ ಎಂಬುದು ನೋಡಲು ಅಂದವಾದ ನ್ಯಾಯ, ಆದರೆ ಗುಂಪು ಒಡೆಯುವುದೇ ಇಲ್ಲ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಮಳೆ, ಪಂಕ್ಚರ್, ಏರು, ಯಾವುದಾದರೂ ಒಂದು ಸಾಕು ಗುಂಪು ಒಡೆಯಲು ಎಂದು ನಾನು ವಾದಿಸಿದೆ. ಇಂದಿಗೂ ಅದನ್ನೇ ನಂಬಿದ್ದೇನೆ.

ಉಳಿದವು ಚಿಕ್ಕ ಬದಲಾವಣೆಗಳು. ಮಲಗುವಾಗ ಮಾತ್ರ ತೊಡುವ ಒಂದು ಜೊತೆ ಬಟ್ಟೆ ಎಲ್ಲರ ಬಳಿಯೂ ಗೊಬ್ಬರದ ಚೀಲದ ಪ್ಲಾಸ್ಟಿಕ್‌ನಲ್ಲಿ ಇರುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಮಧ್ಯಾಹ್ನ ಒಂದೂವರೆಯ ಮೇಲೆ ಮೂಡಣದಲ್ಲಿ ಮೋಡ ಎದ್ದಿದ್ದರೆ ಸೂರಿರುವ ಊರನ್ನು ಬಿಡುವುದಿಲ್ಲ. ಮಳೆ ಬಂದಿದೆಯೇ ಇಲ್ಲವೇ ಎಂಬ ಚರ್ಚೆ ಬೇಕಿಲ್ಲ. ಬೇರ್ಪಟ್ಟರೆ ಇದ್ದಲ್ಲೇ ಉಳಿದು, ಏಳು ಗಂಟೆಗೆ ಮತ್ತು ಒಂಬತ್ತು ಗಂಟೆಗೆ ಎಸ್‌ಎಂಎಸ್ ಕಳಿಸಬೇಕು, ಯಾರೂ ಹುಡುಕಿಕೊಂಡು ಹೊರಡಬಾರದು. ಟೀ ಅಂಗಡಿಯಲ್ಲಿ ಹೊರಡುವ ಮುನ್ನ ಕಿರಿಯರು ಮೊದಲು ಮಾತಾಡುತ್ತಾರೆ.

ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಕ್ಕೆ ಬೆಂಗಳೂರು ಎರಡು ದಿನ ತೊಯ್ದಾಗ, ಬನಶಂಕರಿಯ ಒಬ್ಬರ ಮನೆಯ ತಾರಸಿಯಲ್ಲಿ ರಾತ್ರಿ ಕಳೆದೆವು. ಗೂಟ ಹೊಡೆಯಲಾಗದ ಕಡೆ ಹಗ್ಗವನ್ನು ನೀರಿನ ಕ್ಯಾನ್‌ಗಳಿಗೆ ಕಟ್ಟಿದೆವು. ಕತ್ತಲಲ್ಲಿ, ಮಳೆಯಲ್ಲಿ, ಒಂದು ಜೋಡಿಗೆ ಟೆಂಟ್ ಎಬ್ಬಿಸಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಮೂರನೆಯ ಸಲಕ್ಕೆ ಒಂಬತ್ತಕ್ಕೆ ಇಳಿಯಿತು. ಒಂದು ಹೊದಿಕೆಯ ಹೊಲಿಗೆ ಸೋರುವುದು ಅಲ್ಲೇ ಗೊತ್ತಾಯಿತು.

ಜನವರಿ ಕೊನೆಯಲ್ಲಿ ಅದೇ ದಾರಿಯಲ್ಲಿ ಮತ್ತೆ ಹೋದೆವು. ಬೆಟ್ಟ ಹತ್ತಿ, ಮಾದಪ್ಪನ ದರ್ಶನ ಮಾಡಿ ಇಳಿಯುವಾಗ ಆ ಹಳ್ಳಿಗೆ ತಿರುಗಿದೆವು. ಶಿಕ್ಷಕಿ ಅಜ್ಜಿಗೆಂದು ಬೆಂಗಳೂರಿನಿಂದ ಒಂದು ಹೊಸ ಕಂಬಳಿ ಕಟ್ಟಿಕೊಂಡು ತಂದಿದ್ದರು, ಅದರ ತೂಕವನ್ನು ಪುಸ್ತಕದಲ್ಲಿ ಬರೆಯಲು ಬಿಟ್ಟಿರಲಿಲ್ಲ. ಹುಳುಮನೆಯ ಹೊಸ್ತಿಲಲ್ಲಿ ಸುಣ್ಣದ ಪುಡಿ ಚೆಲ್ಲಿತ್ತು. ಹುಳು ನಾಲ್ಕನೆಯ ಜ್ವರಕ್ಕೆ (ಪೊರೆ ಕಳಚುವ ಹಂತಕ್ಕೆ) ಕೂತಿದೆ, ಈಗ ಯಾರನ್ನೂ ಒಳಗೆ ಬಿಡುವಂತಿಲ್ಲ ಎಂದು ರೈತ ಬಾಗಿಲಲ್ಲೇ ತಡೆದರು. ಜಗುಲಿಯ ಮೇಲೆ ಸಾಲಾಗಿ ಕೂತು ಬೆಲ್ಲದ ಕಾಫಿ ಕುಡಿದೆವು. ಅಜ್ಜಿ ಕಂಬಳಿಯ ಅಂಚನ್ನು ಬೆರಳಿನಲ್ಲಿ ಹಿಸುಕಿ ನೋಡಿ, “ಉಣ್ಣೆ ಒಳ್ಳೆಯದೇ ಇದೆ” ಎಂದು ಮಡಿಸಿ ಮಡಿಲಲ್ಲಿಟ್ಟುಕೊಂಡರು.